ನಿಮ್ಮ ಕಿಟಕಿಯ ಕಡೆಯ ಕೊಂಬೆ

ಡೊಂಬಿವಲಿ ಪೂರ್ವ
೧೮ ಏಪ್ರಿಲ್ ೨೦೨೫

ಈರಕ್ಕನಿಗೆ ಉಮಾವತಿಯ ನಮಸ್ಕಾರ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಯುಗಾದಿಗೆ ವಾಟ್ಸಾಪಿನಲ್ಲಿ ಕಳಿಸಿದ ಶುಭಾಶಯಕ್ಕೆ ಇವತ್ತಿಗೂ ಒಂದೇ ಟಿಕ್. ನಮ್ಮ ಜ್ಯೋತ್ಸ್ನಾಳ ಮಗಳು ಅನುಷ್ಕಾಗೆ ತೋರಿಸಿದೆ. ಇನ್ನೂ ಆರು ತುಂಬದ ಹುಡುಗಿ, "ಅಜ್ಜಿ, ಆಪ್ ಕೋ ಬ್ಲಾಕ್ ಕಿಯಾ ಹೈ" ಎಂದು ಕೈಯಲ್ಲಿ ಫೋನ್ ಇಟ್ಟು ಹೋದಳು. ಕಾಗದವನ್ನು ಹಾಗೆ ತಡೆಯಲು ಬರುವುದಿಲ್ಲ. ನನ್ನ ಮೈದುನ ಕುಶಲ ಈಗ ಸೀವುಡ್ಸ್ ಸ್ಟೇಷನ್ನಿನ ಹೊರಗೆ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಾನೆ. ನಿಮ್ಮ ರೋ ಹೌಸ್ ಅಲ್ಲಿಂದ ದೂರವಿಲ್ಲವಂತೆ. ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನೀವು ಯಾಕೆ ಮಾತು ಬಿಟ್ಟಿರಿ ಎಂದು ಕೇಳಲು ಬರೆಯುತ್ತಿಲ್ಲ. ಆರು ವರ್ಷ ಕೇಳದವಳು ಈಗ ಕೇಳಿ ಏನು ಮಾಡಲಿ. ನನಗೆ ಬೇಕಾಗಿರುವುದು ನಿಮ್ಮ ಗೇಟಿನ ಹತ್ತಿರ ಒಂದು ತುಂಡು ಮಣ್ಣು.

ನಮ್ಮ ಬಿಲ್ಡಿಂಗು ಕೊನೆಗೂ ರಿಡೆವಲಪ್‌ಮೆಂಟಿಗೆ ಹೋಯಿತು. ಗಣಪತಿ ಹಬ್ಬದೊಳಗೆ ಎಲ್ಲರೂ ಖಾಲಿ ಮಾಡಬೇಕು. ನನಗೆ ದಿವಾದಲ್ಲಿ ಏಳನೇ ಮಾಳಿಗೆಯ ಬಾಡಿಗೆ ಮನೆ ಹುಡುಕಿದ್ದಾರೆ. ಹೊಸ ಬಿಲ್ಡಿಂಗಿನಲ್ಲಿ ತೋಟ ಇರುತ್ತದಂತೆ, ಮೂರನೇ ಮಾಳಿಗೆಯ ಮೇಲೆ, ಸಿಮೆಂಟಿನ ತೊಟ್ಟಿಗಳಲ್ಲಿ. ನಿಮ್ಮ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ನಡುವಿನ ಮಾವಿನ ಮರ ನಕ್ಷೆಯಲ್ಲಿ ಇಲ್ಲ.

ನಮ್ಮವರು ಆ ಕಸಿ ಗಿಡವನ್ನು ಮೂಡುಬಿದಿರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು ನಿಮಗೂ ನೆನಪಿರಬೇಕು. ಗುಂಡಿ ತೋಡಿದ್ದು ನಿಮ್ಮ ಯಜಮಾನರು. "ಇದು ಮುಂಡಪ್ಪ, ನಮ್ಮ ಕಡೆಯ ರಾಜ" ಎಂದು ಇವರು ಹೇಳಿದಾಗ ವೀರಭದ್ರಪ್ಪನವರು, "ಇರ್ಲಿ ಬಿಡ್ರಿ, ನಮ್ಮ ಕಡೆ ಬಂದ ಮ್ಯಾಲ ಮುಂಡಾಸು ನಾವ ಸುತ್ತತೀವಿ" ಎಂದು ನಗಿಸಿದ್ದರು. ಮರ ಉಳಿಯುವುದಿಲ್ಲ, ಅದು ಗೊತ್ತಾಯಿತು. ಆದರೆ ಅದರ ಕಡ್ಡಿ ಕಟ್ಟಿ ಒಂದು ಕಸಿ ಗಿಡ ಮಾಡಬಹುದು. ಅದನ್ನು ನೆಡಲು ನನಗೆ ಗೊತ್ತಿರುವವರ ಪೈಕಿ ನೆಲ ಇರುವುದು ನಿಮಗೆ ಮಾತ್ರ.

ಬೇಡವಾದರೆ ಬೇಡ ಎಂದು ಬರೆಯಿರಿ. ನಾನು ಮತ್ತೆ ಕೇಳುತ್ತೇನೆ.

ಪಕ್ಕದ ಮನೆಯವಳಾಗಿದ್ದ
ಉಮಾವತಿ


ಸೀವುಡ್ಸ್
೨೯ ಏಪ್ರಿಲ್ ೨೦೨೫

ಉಮಾವತಿಯವರಿಗೆ,

ಕಾಗದ ತಲುಪಿತು. ಕುಶಲ ಅವರು ಗೇಟಿನಲ್ಲೇ ಕೊಟ್ಟು ಹೋದರು. ಚಹಾಕ್ಕೆ ಕರೆದರೂ ನಿಲ್ಲಲಿಲ್ಲ.

ನಮ್ಮ ಮನೆಯ ಮುಂದೆ ಇರುವುದು ನಾಲ್ಕು ಹೆಜ್ಜೆ ಜಾಗ. ಅದರಲ್ಲಿ ಈಗಾಗಲೇ ಒಂದು ಗಿಡ ಇದೆ. ಆಳೆತ್ತರ ಬೆಳೆದಿದೆ, ಇನ್ನೂ ಹೂ ಬಿಟ್ಟಿಲ್ಲ. ಅದನ್ನೂ ಕಡಿದು ಕಾರು ನಿಲ್ಲಿಸಬೇಕು ಎಂದು ಮಗ ಚನ್ನು ದಿನಕ್ಕೊಮ್ಮೆ ಹೇಳುತ್ತಾನೆ. ಇನ್ನೊಂದಕ್ಕೆ ಎಲ್ಲಿಂದ ಜಾಗ ತರಲಿ.

ಇನ್ನು ಆ ಮಾವಿನ ಮಾತು. ನೀವು ಮುಂಡಪ್ಪ ಅನ್ನುತ್ತೀರಿ. ಅದು ಕಾಯಿ ಬಿಡಲು ಶುರು ಮಾಡಿದಾಗಿನಿಂದ ನಾವು ಮನೆ ಬಿಡುವವರೆಗೂ, ಇಪ್ಪತ್ತು ವರ್ಷಕ್ಕೂ ಹೆಚ್ಚು, ನಾನು ಅದನ್ನು ತಿಂದಿದ್ದೇನೆ. ಹಲ್ಲು ಚುರ್ರೆನ್ನುವ ಹುಳಿ, ತಿಂದ ಮೇಲೆ ಹಲ್ಲಿನ ಸಂದಿಯಲ್ಲಿ ಸಂಜೆಯವರೆಗೆ ನಾರು. ನೀವು ಕೊಟ್ಟು ಕಳಿಸಿದಾಗೆಲ್ಲ "ಚಲೋ ಅದಾವ್ರಿ" ಎಂದೆ. ಮನೆಗೆ ಬಂದದ್ದನ್ನು ಹಳಿಯುವುದು ನಮ್ಮ ಪದ್ಧತಿಯಲ್ಲ. ಹೆಚ್ಚಿನದನ್ನು ಹಣ್ಣಾಗಲು ಬಿಡದೆ ಕಾಯಲ್ಲೇ ಉಪ್ಪಿನಕಾಯಿ ಹಾಕಿ ಮುಗಿಸುತ್ತಿದ್ದೆ.

ಅದಕ್ಕೆ ರಾಜ, ಮುಂಡಪ್ಪ ಎಂದೆಲ್ಲ ಹೆಸರಿಡಬೇಡಿ. ಒಳ್ಳೆಯ ಜಾತಿ ಎಂದು ನಿಮಗೆ ಖಾತ್ರಿ ಇದ್ದರೆ ತೋರಿಸಿ ಕೊಡಿ. ಹುಳಿ ಕಾಯಿಗಾಗಿ ಮಗನ ಜೊತೆ ಜಗಳ ಕಾಯುವ ಶಕ್ತಿ ನನಗಿಲ್ಲ.

ಇವರು ನಿಮಗೆ ನಮಸ್ಕಾರ ಹೇಳಿದ್ದಾರೆ.

ಈರವ್ವ


ಡೊಂಬಿವಲಿ ಪೂರ್ವ
೨೦ ಮೇ ೨೦೨೫

ಈರಕ್ಕಾ,

ನಿಮ್ಮ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನೀವು ನನ್ನನ್ನು 'ಅವರು' ಮಾಡಿದ್ದಕ್ಕಲ್ಲ, ಅದು ಆಮೇಲೆ. ನಮ್ಮ ಹಣ್ಣಿಗೆ ಹುಳಿ ಎಂದಿರಲ್ಲ! ಅದೂ ನೀವು! ಹುಳಿ ಹಣ್ಣಿಗಾಗಿ ಸಿಮೆಂಟಿನವರ ಜೊತೆ ಹೊಡೆದಾಡುವಷ್ಟು ಮರುಳು ನನಗೆ ಹಿಡಿದಿಲ್ಲ.

ತೋರಿಸಿ ಕೊಡಿ ಎಂದಿರಿ. ಸರಿ. ಕಾಯಿ ಬಲಿಯುವವರೆಗೆ ಕಾದೆ. ಮೊದಲು ಹೆಸರಿನ ವಿಚಾರಣೆಗೆ ಹೊರಟೆ. ನಮ್ಮ ಮನೆಯಲ್ಲಿ ಹಣ್ಣಾದದ್ದನ್ನು ಕುಶಲನಿಗೆ ಕೊಟ್ಟೆ. ಅವನು ಎರಡು ತಿಂದು, "ಅತ್ತಿಗೆ, ಇದು ಕಾಲಪ್ಪಾಡಿ ಮಾರಾಯ್ರೆ, ಅಣ್ಣನಿಗೆ ನರ್ಸರಿಯವ ಟೋಪಿ ಹಾಕಿದ್ದು" ಎಂದ. ಠಾಣೆಗೆ ಹೋಗಿ ನೌಪಾಡಾದ ಹಣ್ಣಿನಂಗಡಿಯವನಿಗೆ ತೋರಿಸಿದೆ. ಅವನು ತೊಟ್ಟು ಮೂಸಿ ಪಾಯರಿ ಎಂದ. ನಮ್ಮ ಸೊಸೈಟಿಯ ಸೆಕ್ರೆಟರಿ ಹಣ್ಣನ್ನು ಮುಟ್ಟಲೂ ಇಲ್ಲ. "ರಾಯವಳ್ ಆಹೆ, ವಹಿನಿ" ಎಂದರು. ಗೊರಟಿನಿಂದ ತಾನೇ ಹುಟ್ಟಿದ ಯಾವ ಮಾವಿಗೂ ಇಲ್ಲಿನವರು ಅದೇ ಹೆಸರು ಹೇಳುತ್ತಾರೆ, ನಮ್ಮ ಊರಲ್ಲಿ ಕಾಟು ಮಾವು ಎಂದ ಹಾಗೆ. ಒಂದು ಹಣ್ಣಿಗೆ ಮೂವರು ಮೂರು ಹೆಸರಿಟ್ಟರು. ನನ್ನ ಹಟ ಇನ್ನೂ ಗಟ್ಟಿಯಾಯಿತು. ಮೂಡುಬಿದಿರೆಯಲ್ಲಿ ನಮ್ಮವರ ದೊಡ್ಡಪ್ಪನ ಮನೆಯಲ್ಲಿ ಅದೇ ನರ್ಸರಿಯ ಮುಂಡಪ್ಪ ಮರ ಇದೆ. ಮಂಗಳೂರಿನ ಬಸ್ಸಿನ ಡ್ರೈವರ್ ಕೈಯಲ್ಲಿ ಅಲ್ಲಿಗೆ ಒಂದು ಪೆಟ್ಟಿಗೆ ಕಳಿಸುವ ಏರ್ಪಾಡು ಮಾಡಿದ್ದೇನೆ.

ನಿಮಗೆ ಈ ಚೀಲದಲ್ಲಿ ಹಣ್ಣು ಇದೆ. ಬೇರೆ ಕಡೆಯದ್ದಲ್ಲ, ನಿಮ್ಮ ಕಿಟಕಿಯ ಕಡೆಯ ಕೊಂಬೆಯದ್ದೇ. ಅದು ನಿಮ್ಮ ಪಾಲು. ನಮ್ಮವರು ಮೊದಲ ಫಸಲಿಗೇ ಹೇಳಿದ್ದರು: ಅವರ ಕಿಟಕಿಯ ಮೇಲೆ ಬಾಗಿದ ಕೊಂಬೆ ಅವರದ್ದು, ನಮ್ಮ ಕಿಟಕಿಯ ಮೇಲಿನದ್ದು ನಮ್ಮದು, ಹೆಚ್ಚು ಕಡಿಮೆಯಾಯಿತು ಎಂದು ಯಾರೂ ಯಾರನ್ನೂ ಅನ್ನುವ ಹಾಗಾಗಬಾರದು ಎಂದು. ಕೊಯ್ಯುವಾಗಲೇ ಎರಡು ಬುಟ್ಟಿ ಇಡುತ್ತಿದ್ದರು. ಅವರು ಹೋದ ಮೇಲೂ ನಾನು ಹಾಗೇ ನಡೆಸಿದೆ. ನೀವು ಹೋದ ಮೇಲೆ ನಿಮ್ಮ ಮನೆಗೆ ಬಂದ ಬಾಡಿಗೆಯವರಿಗೂ ಅದೇ ಲೆಕ್ಕ. ನಿಮ್ಮ ಪಾಲಿನ ಒಂದು ಹಣ್ಣನ್ನೂ ನಾನು ಇವತ್ತಿನವರೆಗೆ ಬಾಯಿಗೆ ಇಟ್ಟವಳಲ್ಲ.

ಹುಲ್ಲಿನಲ್ಲಿಟ್ಟು ನಾಲ್ಕೈದು ದಿನ ಬಿಡಿ. ತಿಂದು ನೋಡಿ ಮಾತಾಡಿ.

ಉಮಾವತಿ


ಸೀವುಡ್ಸ್
೨೭ ಮೇ ೨೦೨೫

ಉಮಾವತಿಯವರಿಗೆ,

ತಿಂದೆವು. ಅದೇ ಹುಳಿ, ಅದೇ ನಾರು. ಸೊಸೆ ವೈಶಾಲಿ ಒಂದು ಹೋಳು ಬಾಯಿಗಿಟ್ಟು ಸಿಂಕಿನ ಕಡೆ ಓಡಿದಳು. ನಮ್ಮ ಯಜಮಾನರು ಮಾತ್ರ, "ಹುಳಿ ಇದ್ರೇನಾತು, ಬೆಲ್ಲ ಐತೆಲ್ಲ ಮನ್ಯಾಗ" ಎಂದು ಎರಡು ಹಣ್ಣು ಮುಗಿಸಿದರು. ಡೊಂಬಿವಲಿಯದು ಎಂದರೆ ಅವರಿಗೆ ಬೇವಿನಕಾಯಿಯೂ ಆದೀತು.

ಈಗ ನಾನು ಹೇಳಿಬಿಡುತ್ತೇನೆ. ಹೇಳದೆ ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಜ್ಯೋತ್ಸ್ನಾಳ ಸೀಮಂತದ ದಿನ. ಮೇ ತಿಂಗಳು, ಮನೆ ತುಂಬ ನಿಮ್ಮ ಊರಿನ ಜನ. ಬಡಿಸಲು ಕೈ ಕೊಡೋಣ ಎಂದು ಅಡುಗೆಮನೆಗೆ ಬಂದೆ. ಒಂದು ದೊಡ್ಡ ತಾಟಿನಲ್ಲಿ ಮಾವಿನ ಹೋಳು ಇತ್ತು. ಆ ಪರಿಮಳಕ್ಕೆ ಒಂದು ಹೋಳು ಬಾಯಿಗಿಟ್ಟೆ. ಒಂದು ಎಳೆ ನಾರಿಲ್ಲ, ಜೇನು. ಇದು ಯಾವ ಹಣ್ಣು, ಎಲ್ಲಿಂದ ತರಿಸಿದಿರಿ ಎಂದು ನಿಮ್ಮ ನಾದಿನಿಯನ್ನು ಕೇಳಿದೆ. "ಇದೆಂತ ಕೇಳ್ತೀರಿ, ಇಲ್ಲಿಯದ್ದೇ ಅಲ್ವಾ, ಇದೇ ಮರದ್ದು" ಎಂದು ಕಿಟಕಿಯ ಹೊರಗೆ ಕೈ ತೋರಿಸಿದಳು.

ಉಮಾವತಿಯವರೇ, ಇಷ್ಟು ವರ್ಷ ನೀವು ಇದನ್ನು ತಿಂದು, ಆರಿಸಿ ಆರಿಸಿ ಹುಳಿ ಹಣ್ಣನ್ನು ನನ್ನ ಬುಟ್ಟಿಗೆ ಹಾಕಿದಿರಿ. ಹಣ್ಣಿನ ಆಸೆಗೆ ಸಿಟ್ಟಾದವಳು ನಾನಲ್ಲ. ಬೇಕಾದರೆ ಹತ್ತು ಡಜನ್ ಆಪೂಸ್ ಕೊಂಡು ತಿನ್ನುವಷ್ಟು ದೇವರು ಕೊಟ್ಟಿದ್ದಾನೆ. ನಿಮ್ಮವರು ತೀರಿಕೊಂಡಾಗ ಸೂತಕ ಕಳೆಯುವವರೆಗೆ ನಿಮ್ಮ ಮನೆಗೆ ಅನ್ನ ನನ್ನ ಒಲೆಯಿಂದ ಬಂತು. ಆಗ ರೊಟ್ಟಿಯಲ್ಲಿ ಒಳ್ಳೆಯದನ್ನು ನನಗೆ, ಸೀದದ್ದನ್ನು ನಿಮಗೆ ಎಂದು ನಾನು ಆರಿಸಲಿಲ್ಲ. ನೀವು ಆರಿಸಿದಿರಿ ಎಂದು ನನಗೆ ನೋವಾಯಿತು. ಈಗಲೂ ಆಗುತ್ತದೆ.

ಮರುತಿಂಗಳು ಚನ್ನು ಇಲ್ಲಿ ಮನೆ ತೆಗೆದುಕೊಂಡ. ನಾನು ಹೇಳದೆ ಬಂದೆ.

ನಿಮ್ಮ ಬದಿ, ನಮ್ಮ ಬದಿ ಎಂಬ ಮಾತನ್ನು ಈಗ ಮೊದಲ ಬಾರಿ ಕೇಳುತ್ತಿದ್ದೇನೆ. ಒಂದು ಮರ ಒಂದು ಬದಿಗೆ ಸಿಹಿ, ಒಂದು ಬದಿಗೆ ಹುಳಿ ಬಿಡುತ್ತದೆಯೇ? ಮಣ್ಣು ಕೊಡಲಾರೆ.

ಈರವ್ವ


ಡೊಂಬಿವಲಿ ಪೂರ್ವ
೧ ಜೂನ್ ೨೦೨೫

ಈರಕ್ಕಾ,

ಇದೇನು ಬರೆದಿರಿ ನೀವು!

ಓದಿ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿ, ನಾನು ಅಂಥವಳು ಎಂದು ಒಂದು ಹೋಳು ಮಾವಿನಿಂದ ತೀರ್ಮಾನ ಮಾಡಿದಿರಲ್ಲ. ಆ ತಾಟನ್ನೇ ನನ್ನ ತಲೆಯ ಮೇಲೆ ಕುಕ್ಕಿ ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಅದಕ್ಕೂ ಮೊದಲು, ಒಂದೇ ಒಂದು ವರ್ಷ "ಉಮಾ, ಹುಳಿ ಐತಿ" ಎಂದಿದ್ದರೆ? ಇಪ್ಪತ್ತು ವರ್ಷ ಚಲೋ, ಚಲೋ ಎಂದಿರಿ. ನಾನು ನಂಬಿ ಇನ್ನಷ್ಟು ಕಳಿಸಿದೆ.

ಕಣ್ಣೊರೆಸಿಕೊಂಡು ಹೊರಗೆ ಹೋದೆ. ನಿಮ್ಮ ಕಡೆಯ ಕೊಂಬೆಯ ಕೆಳಗೆ ಉದುರಿದ ಒಂದು ಹಣ್ಣನ್ನು ಎತ್ತಿ, ತೊಳೆದು, ಮೊದಲ ಸಲ ಕಚ್ಚಿದೆ.

ಹುಳಿ. ಈರಕ್ಕಾ, ನಿಜವಾಗಿಯೂ ಹುಳಿ. ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ.

ನನಗೆ ಗೊತ್ತಿರಲಿಲ್ಲ. ಒಂದೇ ಮರದ ಹಣ್ಣು ಎಂದ ಮೇಲೆ ಅದಲುಬದಲು ಮಾಡಿ ರುಚಿ ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ? ನಿಮ್ಮ ಪಾಲಿಗೆ ಕೈ ಹಾಕಬಾರದು ಎಂಬ ಮರ್ಯಾದೆ ಬೇರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಮರ ಯಾಕೆ ಹೀಗೆ ಮಾಡಿತು ಎಂದು ತಿಳಿಯದೆ ನಾನು ಈ ಮನೆ ಬಿಡುವುದಿಲ್ಲ.

ಚೀಲದಲ್ಲಿ ಎರಡು ಹಣ್ಣಿದೆ. ಕೆಂಪು ದಾರ ಸುತ್ತಿದ್ದು ನಿಮ್ಮ ಕಡೆಯದ್ದು, ಬಿಳಿ ದಾರ ನಮ್ಮ ಕಡೆಯದ್ದು. ಎರಡೂ ಕಡೆಯ ಎಲೆಯನ್ನೂ ಆಯಾ ಬಣ್ಣದ ದಾರದಲ್ಲಿ ಕಟ್ಟಿದ್ದೇನೆ. ಒಂದೊಂದನ್ನೂ ಹಿಚುಕಿ ಮೂಸಿ ನೋಡಿ. ನಿಮ್ಮ ಮೂಗು ನನ್ನದಕ್ಕಿಂತ ಚುರುಕು. ಎರಡು ಗೋಡೆ ಆಚೆಯ ಒಗ್ಗರಣೆ ಸೀದದ್ದನ್ನು ಹೇಳುತ್ತಿದ್ದವರು ನೀವು.

ಮಣ್ಣಿನ ಮಾತು ಬಿಟ್ಟಿಲ್ಲ. ಇವತ್ತು ಕೇಳುವುದಿಲ್ಲ ಅಷ್ಟೇ.

ಉಮಾ


ಸೀವುಡ್ಸ್
೯ ಜೂನ್ ೨೦೨೫

ಉಮಾವತಿಯವರಿಗೆ,

ದಾರ ಬಿಚ್ಚಿದೆ. ಬಿಳಿ ದಾರದ ಹಣ್ಣು ದೊಡ್ಡದು, ಹೆಗಲು ಗುಂಡಗೆ, ಸಿಪ್ಪೆ ತೆಳು. ಅವತ್ತಿನ ತಾಟಿನದ್ದೇ. ಕೆಂಪು ದಾರದ್ದು ಚಿಕ್ಕದು, ಮೂತಿ ಚೂಪು. ಹೀಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ನಾನೂ ಮೊದಲ ಸಲ. ಅವು ಒಂದು ತಾಯಿಯ ಮಕ್ಕಳಲ್ಲ.

ಎಲೆಯನ್ನೂ ಹಿಚುಕಿದೆ. ಬಿಳಿ ದಾರದ ಎಲೆಗೆ ಸಿಹಿಯ ವಾಸನೆ. ಕೆಂಪು ದಾರದ್ದು ಮೂಗಿಗೆ ಹೊಡೆಯುತ್ತದೆ, ಸೀಮೆಎಣ್ಣೆಯ ಹತ್ತಿರ ಬರುತ್ತದೆ. ಆ ವಾಸನೆ ನನಗೆ ಎಲ್ಲೋ ಪರಿಚಯ. ಅದನ್ನು ಆಮೇಲೆ ನೋಡುತ್ತೇನೆ.

ಬಾಗಲಕೋಟೆಯ ಕಡೆ ನನ್ನ ಅಪ್ಪ ಹೊಲದ ಬದುವಿನಲ್ಲಿ ಬಾರಿ ಗಿಡಕ್ಕೆ, ಅಂದರೆ ಬೋರೆ ಹಣ್ಣಿನ ಗಿಡಕ್ಕೆ, ಕಸಿ ಮಾಡುತ್ತಿದ್ದ. ಕಾಡು ಬಾರಿಯ ಬೇರು ಗಟ್ಟಿ, ಆದ್ದರಿಂದ ಅದರ ಮೇಲೆ ಒಳ್ಳೆಯ ಬಾರಿಯ ಚಿಗುರು ಕೂರಿಸಿ ಬಿಗಿಯುತ್ತಿದ್ದ. ಕಟ್ಟಿದ ಜಾಗ ಗಂಟಾಗುತ್ತದೆ. ಗಂಟಿನ ಮೇಲೆ ಬರುವುದೆಲ್ಲ ಒಳ್ಳೆಯ ಜಾತಿ. ಗಂಟಿನ ಕೆಳಗೆ ಒಂದು ಚಿಗುರು ಬಂದರೆ ಅದು ಕಾಡಿನದ್ದು. ಮುರಿಯದೆ ಬಿಟ್ಟರೆ ಅದೂ ದೊಡ್ಡ ಕೊಂಬೆಯಾಗಿ ಬೆಳೆದು ತನ್ನ ಹಣ್ಣನ್ನೇ ಬಿಡುತ್ತದೆ. "ಕೆಳಗಿನ ಚಿಗುರು ಕಂಡ್ರ ಕೈಯಾಗ ಕುಡುಗೋಲು ಇರ್ಲಿ, ಮನಸಿನ್ಯಾಗ ಮಮತಾ ಬ್ಯಾಡ" ಎನ್ನುತ್ತಿದ್ದ.

ಇಷ್ಟು ಗೊತ್ತಿದ್ದೂ ಮಾವಿನ ಮರಕ್ಕೆ ಇದನ್ನು ಹಚ್ಚಿ ನೋಡುವ ಬುದ್ಧಿ ನನಗೆ ಬರಲಿಲ್ಲ. ನಮ್ಮ ಕಿಟಕಿಯ ಕಡೆಯ ಕೊಂಬೆ ಬುಡದಿಂದಲೇ ಬೇರೆಯಾಗಿತ್ತು ಎಂದು ನೆನಪು. ಅದು ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ, ಸರಿಯಾಗಿ ನೋಡು.

ಈರವ್ವ


ಡೊಂಬಿವಲಿ ಪೂರ್ವ
೨೪ ಜೂನ್ ೨೦೨೫

ಈರಕ್ಕಾ,

"ನೋಡು" ಎಂದು ಬರೆದಿರಿ. ನೋಡಿ ಎಂದಲ್ಲ. ನೀವು ಗಮನಿಸಿದಿರೋ ಇಲ್ಲವೋ, ನಾನು ಆ ಸಾಲನ್ನು ಕುಶಲನಿಗೂ ಓದಿ ಹೇಳಿದೆ.

ನೋಡುವುದು ಅಷ್ಟು ಸುಲಭವಿರಲಿಲ್ಲ. ಬುಡದ ಸುತ್ತ ಸೊಸೈಟಿಯವರು ಕಟ್ಟಿಸಿದ ಕಟ್ಟೆ ಇದೆಯಲ್ಲ, ನಾವಿಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದದ್ದು. ಮರದ ಬುಡ ಅದರೊಳಗೆ ಮೊಣಕಾಲಿನಷ್ಟು ಹೂತಿದೆ. ಕುಶಲನಿಗೆ ರಜೆ ಹಾಕಿಸಿ, ಸುತ್ತಿಗೆ ಉಳಿ ತರಿಸಿದೆ. "ಅತ್ತಿಗೆ, ನಿಮಗೆಂತ ಮರ್ಲಾ? ಒಂದು ಮಾವಿನ ಮರಕ್ಕೆ ಇಷ್ಟೆಲ್ಲ ಉಂಟಾ?" ಎಂದು ಗೊಣಗುತ್ತಲೇ ಶುರು ಮಾಡಿದ. ಮೊದಲ ಏಟಿಗೇ ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿ ಬಂದರು. "ಅಹೋ ವಹಿನಿ, ಬಿಲ್ಡಿಂಗ್ ತರ್ ಪಡಣಾರಚ್ ಆಹೆ, ತುಮ್ಹಿ ಕಶಾಲಾ ಫೋಡತಾ?" ಬಿಲ್ಡಿಂಗು ಹೇಗೂ ಬೀಳುತ್ತದೆ, ನೀವು ಯಾಕೆ ಒಡೆಯುತ್ತೀರಿ ಎಂದು ಅವರ ಅಳಲು. ಬೀಳುವುದೇ ಆದರೆ ನಾನು ಒಡೆದರೆ ನಿಮಗೇನು ನಷ್ಟ ಎಂದೆ. ಅವರು ಒಳಗೆ ಹೋಗಿ ಛತ್ರಿ ತಂದು ನಿಂತು ನೋಡಿದರು. ಮಳೆ ಹಿಡಿದಿತ್ತು. ಕುಶಲನ ಕೈ ಸೋತಾಗ ನಾನು ಹೊಡೆದೆ.

ಸಿಮೆಂಟು ಎದ್ದು ಮಣ್ಣು ಸರಿಸಿದ ಮೇಲೆ ಗಂಟು ಕಂಡಿತು. ದಪ್ಪಗೆ ಉಬ್ಬಿಕೊಂಡಿದೆ. ಅದರ ಮೇಲೆ ತೊಗಟೆ ನಯ, ಕೆಳಗೆ ಒರಟು. ನಮ್ಮ ಕಡೆಯ ಕಾಂಡ ಗಂಟಿನ ಮೇಲಿನಿಂದ ಹೊರಟಿದೆ. ನಿಮ್ಮ ಕಡೆಯದ್ದು ಗಂಟಿನ ಕೆಳಗಿನಿಂದ.

ಆಗ ನನಗೆ ನೆನಪಾಯಿತು. ಗಿಡ ನೆಟ್ಟ ಮರುವರ್ಷ ಬುಡದಲ್ಲಿ ಒಂದು ಕೆಂಪು ಚಿಗುರು ಬಂದಿತ್ತು. ಚಿವುಟಲೇ ಎಂದು ಕೇಳಿದ್ದಕ್ಕೆ ಇವರು, "ಅದು ಕೂಡ ಜೀವ ಅಲ್ವಾ, ಇರಲಿ ಬಿಡು. ಈರವ್ವನ ಕಿಟಕಿ ಕಡೆ ಹೋಗ್ತಾ ಉಂಟು. ಅವರಿಗೂ ಒಂದು ಆಯ್ತು" ಎಂದರು. ನಿಮಗೆ ಅರ್ಧ ಮರ ಕೊಟ್ಟೆ ಎಂದು ತಿಳಿದೇ ಅವರು ಕಣ್ಣು ಮುಚ್ಚಿದರು. ನಿಮ್ಮ ಅಪ್ಪನ ಕೈಯಲ್ಲಿ ಇದ್ದ ಕುಡುಗೋಲು ನನ್ನ ಗಂಡನ ಕೈಯಲ್ಲಿ ಇರಲಿಲ್ಲ. ಏನು ಮಾಡಲಿ ಹೇಳಿ.

ಮೂಡುಬಿದಿರೆಯಿಂದ ನಿನ್ನೆ ಫೋನ್ ಬಂತು. ನಮ್ಮ ಕಡೆಯ ಹಣ್ಣನ್ನು ಅವರ ಮರದ ಹಣ್ಣಿನ ಪಕ್ಕ ಇಟ್ಟು ಕೊಯ್ದರಂತೆ. ಆಕಾರ, ಸಿಪ್ಪೆ, ಗೊರಟು, ಎಲೆಯ ವಾಸನೆ, ಎಲ್ಲ ಒಂದೇ. ಮುಂಡಪ್ಪನೇ ಎಂದರು. ಕಾಲಪ್ಪಾಡಿ ಎಂದ ಕುಶಲ ಈಗ ಆ ಮಾತೇ ಎತ್ತುವುದಿಲ್ಲ.

ತೋರಿಸಿ ಕೊಡಿ ಎಂದಿರಿ, ಕೊಟ್ಟಿದ್ದೇನೆ. ಈಗ ಕೇಳುತ್ತೇನೆ. ಕಲ್ಯಾಣದ ನರ್ಸರಿಯಲ್ಲಿ ಯಂಕಪ್ಪ ಎಂಬವರು ಕಸಿ ಕಟ್ಟುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ಕಟ್ಟಿದರೆ ಹಿಡಿಯುತ್ತದಂತೆ. ಬಿಲ್ಡರ್ ದಿನ ಹಿಂದಕ್ಕೆ ತಂದಿದ್ದಾನೆ, ಜುಲೈ ಕೊನೆಗೆ ನಾವು ಹೊರಗೆ. ಮರುದಿನ ಮರ. ನೆಲ ಕೊಡುತ್ತೀರಾ?

ಉಮಾ


ಡೊಂಬಿವಲಿ ಪೂರ್ವ
೧೨ ಜುಲೈ ೨೦೨೫

ಈರಕ್ಕಾ,

ಉತ್ತರ ಬಂದಿಲ್ಲ. ಕುಶಲ ದಿನವೂ ಗಲ್ಲಾದ ಮೇಲೆ ಕೂತು ರಸ್ತೆ ನೋಡುತ್ತಾನಂತೆ. ವೀರಭದ್ರಪ್ಪನವರು ಒಮ್ಮೆ ಬಂದು ಇಡ್ಲಿ ತಿಂದು ಹೋದರಂತೆ, ಆದರೆ ಏನೂ ಹೇಳಲಿಲ್ಲವಂತೆ. ನಿಮ್ಮ ಮನೆಯಲ್ಲಿ ಏನೋ ನಡೆಯುತ್ತಿದೆ. ಏನು ಎಂದು ನನಗೆ ಗೊತ್ತಿಲ್ಲ.

ಇಲ್ಲಿ ಅರ್ಧ ಬಿಲ್ಡಿಂಗು ಖಾಲಿಯಾಗಿದೆ. ಮೇಲಿನ ಮನೆಗಳ ಕಿಟಕಿಯ ಚೌಕಟ್ಟುಗಳನ್ನು ಕಿತ್ತಿದ್ದಾರೆ. ನಾನು ಪಾತ್ರೆ ಕಟ್ಟಿದ್ದೇನೆ, ದೇವರನ್ನು ಇನ್ನೂ ಕಟ್ಟಿಲ್ಲ. ಯಂಕಪ್ಪ ಬಂದು ನಮ್ಮ ಕಡೆಯ ಕೊಂಬೆಯಲ್ಲಿ ಕಡ್ಡಿ ಆರಿಸಿ ಎಲೆ ಕತ್ತರಿಸಿ ಹೋಗಿದ್ದಾರೆ. ಮೊಗ್ಗು ಉಬ್ಬಿದ ಕೂಡಲೇ ಕೊಯ್ದು ಕಟ್ಟಬೇಕು. ಕೊಯ್ದ ಮೇಲೆ ಹೆಚ್ಚು ದಿನ ತಾಳುವುದಿಲ್ಲ. ಕಟ್ಟಲು ಒಂದು ಕಾಟು ಮಾವಿನ ಗಿಡವೂ ಬೇಕು. ನರ್ಸರಿಯದನ್ನು ಕೊಂಡುಕೊಳ್ಳುತ್ತೇನೆ.

ಬರುವ ಶನಿವಾರ ಠಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹಿಡಿದು ನಾನೇ ಬರುತ್ತೇನೆ. ಕೈಯಲ್ಲಿ ಕಡ್ಡಿ ಇರುತ್ತದೆ, ಯಂಕಪ್ಪ ಇರುತ್ತಾರೆ. ನೀವು ಗೇಟು ತೆಗೆಯದಿದ್ದರೆ ಗೇಟಿನ ಹೊರಗೆ ನಿಲ್ಲುತ್ತೇನೆ. ಮಳೆಯಲ್ಲಿ ನಿಂತ ಅರವತ್ತಮೂರು ವರ್ಷದ ಹೆಂಗಸನ್ನು ನೋಡಿ ನಿಮ್ಮ ನೆರೆಯವರು ಏನಾದರೂ ಅಂದುಕೊಳ್ಳಲಿ.

ಉಮಾ


ಸೀವುಡ್ಸ್
೧೬ ಜುಲೈ ೨೦೨೫

ಉಮಾ,

ಮಳೆಯಲ್ಲಿ ನಿಲ್ಲಬೇಡ. ಮೊದಲೇ ನಿನಗೆ ಕೆಮ್ಮು.

ಉತ್ತರ ಬರೆಯದಿದ್ದದ್ದಕ್ಕೆ ಕಾರಣವಿದೆ. ಚನ್ನು ಕಾರು ಬುಕ್ ಮಾಡಿದ. ಗೇಟಿನ ಹತ್ತಿರದ ಗಿಡ ಕಡಿಯಲು ಜನ ಕರೆದುಕೊಂಡು ಬಂದ. "ಅವ್ವ, ಛೇ ಸಾಲ್ ಮೇ ಏಕ್ ಫಲ್ ನಹೀ ದಿಯಾ ಇಸ್ ನೇ" ಎಂದ, ಆರು ವರ್ಷದಲ್ಲಿ ಒಂದು ಹಣ್ಣೂ ಕೊಟ್ಟಿಲ್ಲ ಎಂದು ಅವನ ವಾದ. ನಾನು ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಎರಡು ವಾರ ಮನೆಯಲ್ಲಿ ಅವನು ನನ್ನೊಡನೆ ಮಾತಾಡಲಿಲ್ಲ, ನಾನು ಅವನೊಡನೆ ಮಾತಾಡಲಿಲ್ಲ. ನಮ್ಮ ಯಜಮಾನರು ನಡುವೆ ಸಿಕ್ಕಿ ಇಡ್ಲಿ ತಿನ್ನಲು ಹೋಟೆಲಿಗೆ ಓಡಿದರು. ಕೊನೆಗೆ ವೈಶಾಲಿ ಗಂಡನಿಗೆ ಏನು ಹೇಳಿದಳೋ ಗೊತ್ತಿಲ್ಲ. ಕಾರು ಹೊರಗೆ ರಸ್ತೆಯಲ್ಲಿ ನಿಲ್ಲುವುದು ಎಂದಾಯಿತು. ನಾನು ಗೆದ್ದ ಮೇಲೆ ನಿನಗೆ ಬರೆಯೋಣ ಎಂದು ಇಷ್ಟು ದಿನ ಸುಮ್ಮನಿದ್ದೆ. ಸೋತಿದ್ದರೆ ಯಾವ ಬಾಯಿಂದ ಹೇಳಲಿ?

ಆ ಗಿಡ ಏನು ಎಂದು ನಿನಗೆ ನಾನು ಹೇಳಿರಲಿಲ್ಲ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಡೊಂಬಿವಲಿ ಬಿಟ್ಟು ಬಂದೆನಲ್ಲ, ಇಲ್ಲಿ ಬಂದು ಗಂಟು ಬಿಚ್ಚಿದರೆ ಅಕ್ಕಿಯ ಡಬ್ಬದಲ್ಲಿ ಹಣ್ಣಾಗಲಿ ಎಂದು ಇಟ್ಟಿದ್ದ ಒಂದು ಮಾವಿನ ಹಣ್ಣು ಇತ್ತು. ನೀನು ಕೊಟ್ಟದ್ದೇ. ಎಸೆಯಲು ಕೈ ಎತ್ತಿದೆ. ಎಸೆಯಲಾಗಲಿಲ್ಲ. ನಿಂತಲ್ಲೇ ತಿಂದೆ, ಹುಳಿಗೆ ಕಣ್ಣಲ್ಲಿ ನೀರು ಬಂತು. ಹುಳಿಗೇ ಬಂತು ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಗೊರಟನ್ನು ಗೇಟಿನ ಹತ್ತಿರ ಮಣ್ಣಲ್ಲಿ ಒತ್ತಿ ಬಂದೆ. ಅದೇ ಈ ಗಿಡ.

ಕೆಂಪು ದಾರದ ಎಲೆ ಮೂಸಿದಾಗ ಪರಿಚಯದ ವಾಸನೆ ಎಂದಿದ್ದೆನಲ್ಲ. ಆ ಕಾಗದ ನಿನಗೆ ಕಳಿಸಿದ ಮೇಲೆ ಹೊರಗೆ ಹೋಗಿ ಇದರ ಒಂದು ಎಲೆ ಕಿತ್ತು ಹಿಚುಕಿದೆ. ಅದೇ. ನಿನ್ನ ಗಂಡ ಚಿವುಟದೆ ಬಿಟ್ಟ ಚಿಗುರು ನನ್ನ ಬಾಗಿಲಿಗೂ ಬಂದು ನಿಂತಿದೆ.

ನರ್ಸರಿಯ ಗಿಡಕ್ಕೆ ದುಡ್ಡು ಹಾಕಬೇಡ. ಕಟ್ಟಲು ಕಾಟು ಮಾವಿನ ಬೇರು ಬೇಕು ಎಂದೆಯಲ್ಲ, ಇದಕ್ಕಿಂತ ಗಟ್ಟಿಯದು ಎಲ್ಲಿ ಸಿಗುತ್ತದೆ? ಹುಳಿ ಬೇರಿನ ಮೇಲೆ ಸಿಹಿ ಕಡ್ಡಿ, ಮೊದಲು ಇದ್ದ ಹಾಗೆಯೇ. ಯಂಕಪ್ಪನಿಗೆ ನನ್ನ ಒಂದು ಮಾತು ಹೇಳಿ ಕರೆದುಕೊಂಡು ಬಾ. ಎಲ್ಲ ಕೊಂಬೆಗೂ ಕಟ್ಟುವುದು ಬೇಡ. ಗಂಟಿನ ಕೆಳಗೆ ಒಂದು ಕೊಂಬೆ ಹಾಗೇ ಇರಲಿ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ, ಬೈಯಲಿ.

ಆ ಕೊಂಬೆ ನಿನ್ನದು, ಉಮಾ. ಸಿಹಿ ನನ್ನದು. ಇನ್ನು ಇಪ್ಪತ್ತು ವರ್ಷ, ವರ್ಷ ವರ್ಷವೂ ದಿವಾದ ಏಳನೇ ಮಾಳಿಗೆಗೆ ಕುಶಲನ ಕೈಯಲ್ಲಿ ಹುಳಿ ಹಣ್ಣಿನ ಬುಟ್ಟಿ ಕ್ರಮವಾಗಿ ಬರುತ್ತದೆ. ಒಂದು ಹಣ್ಣೂ ಬಿಡದೆ ತಿನ್ನಬೇಕು. ಚಲೋ ಇದೆ ಎಂದೂ ಹೇಳಬೇಕು. ಬಾಕಿ ತೀರುವವರೆಗೆ ನೀನಾಗಲಿ ನಾನಾಗಲಿ ನಡುವೆ ಎಲ್ಲಿಗೂ ಹೋಗುವ ಹಾಗಿಲ್ಲ.

ಶನಿವಾರ ಬೇಗ ಬಾ. ಜೋಳದ ರೊಟ್ಟಿ ಬಡಿಯುತ್ತೇನೆ. ಗೇಟು ತೆರೆದಿರುತ್ತದೆ.

ನಿನ್ನ
ಈರಕ್ಕ